ಕೋಳಿಯ ಕೆಮ್ಮು, ಉಳಿದದ್ದು ನಾಯ್ಸ್

ಫೆಬ್ರವರಿ 12, ಬುಧವಾರ

ಇವತ್ತು ನಮ್ಮ ಕೋಳಿಗಳಿಗೆ ಮೈಕ್ ಬಂತು. ನನಗೆ ಬರಲಿಲ್ಲ.

ಕಾಪುವಿನಲ್ಲಿ ಪ್ರಾಯ ಪೂರ್ತಿ ಮೈಕ್‌ಸೆಟ್ ಬಾಡಿಗೆಗೆ ಕೊಟ್ಟವನು ನಾನು. ನಮ್ಮ ಕ್ರಿಶ್ಚಿಯನರ ಮದುವೆಯಲ್ಲಿ ಮದುಮಕ್ಕಳನ್ನು ಹೊಗಳಿ ಟೋಸ್ಟ್ ಎತ್ತಲಿಕ್ಕೆ ಬ್ಯಾಪ್ಟಿಸ್ಟ್, ಅಂದರೆ ನಾನು, ಬೇಕು, ಮದುವೆಯ ಮುನ್ನಾದಿನ ರೋಸ್ ಶಾಸ್ತ್ರದಲ್ಲಿ ಮದುಮಗನ ತಲೆಗೆ ತೆಂಗಿನಹಾಲು ಹೊಯ್ಯುವಾಗ ಅವನ ಮರ್ಯಾದೆ ತೆಗೆಯಲಿಕ್ಕೂ ಬ್ಯಾಪ್ಟಿಸ್ಟೇ ಬೇಕು. ಆಮೇಲೆ ಡೀಜೆ ಹುಡುಗರು ಬಂದರು. ಅಂಗಡಿ ಮುಚ್ಚಿ ಬಜಗೋಳಿಯಲ್ಲಿ ಹೆಂಡತಿ ಆಂಜೆಲಾ ತಗೊಂಡ ಜಾಗಕ್ಕೆ ಬಂದು ಕೂತೆವು. ಅವಳು ಕೋಳಿ ಶೆಡ್ ಹಾಕಿದಳು. ಕಂಪೆನಿಯವರು ಮರಿ ಕೊಡ್ತಾರೆ, ಫೀಡ್ ಕೊಡ್ತಾರೆ, ಇವಳು ಸಾಕಿ ದೊಡ್ಡದು ಮಾಡಿ ವಾಪಸು ಕೊಡುವುದು. ನಾನು ಶೆಡ್ಡಿನೊಳಗೆ ಕಾಲಿಡುವುದಿಲ್ಲ. ವಾಸನೆ. ನನ್ನ ಪಾಲಿನ ಕೆಲಸ ಜಗಲಿಯಲ್ಲಿ ಕೂತು ಬಾಯಿ ಆಡಿಸುವುದು.

ಮೈಕ್ ತಂದದ್ದು ನನ್ನ ತಂಗಿಯ ಮಗಳು ಫಿಯೋನಾ. ಮಣಿಪಾಲದಲ್ಲಿ ಕೋಳಿಯ ಸ್ವರ ಕೇಳುವ ಒಂದು ಹೊಸ ಕಂಪೆನಿ ಉಂಟಂತೆ, ಅದರಲ್ಲಿ ಅವಳು ಇಂಜಿನಿಯರ್. ಶೆಡ್ಡಿನ ಮಾಡಿನಿಂದ ಪ್ಲಾಸ್ಟಿಕ್ ಡಬ್ಬಿ ನೇತು ಹಾಕಿ, ಒಳಗೆ ಮೈಕ್ ಇಟ್ಟಳು.

"ಮಾಮಾ, ಕೋಳಿಗೆ ಸೌಖ್ಯ ಉಂಟಾ ಇಲ್ಲವಾ ಅಂತ ಅದರ ಸ್ವರದಲ್ಲೇ ಗೊತ್ತಾಗ್ತದೆ. ಹೆದರಿಕೆ, ಹಸಿವು, ಸೆಕೆ, ಕೆಮ್ಮು, ಎಲ್ಲ. ಕಂಪ್ಯೂಟರ್ ಹಗಲು ರಾತ್ರಿ ಕೇಳಿಕೊಂಡೇ ಇರ್ತದೆ. ಇದಕ್ಕೆ ವೆಲ್‌ಫೇರ್ ಅಂತ ಹೇಳುವುದು."

"ಒಂದೂವರೆ ತಿಂಗಳು ವೆಲ್‌ಫೇರ್. ಆಮೇಲೆ?"

"ಆಮೇಲೆ ಗಾಡಿ ಬರ್ತದಲ್ಲ, ಲೋಡ್ ಮಾಡ್ಲಿಕ್ಕೆ."

"ಅಂದರೆ ಫೇರ್‌ವೆಲ್."

ಫಿಯೋನಾ ನಗಲಿಲ್ಲ. ಆಂಜೆಲಾ ಏಣಿ ಹಿಡಿದುಕೊಂಡು ನಿಂತಿದ್ದಳು. ಕೆಮ್ಮುತ್ತಾ, "ಅವರ ಮಾತಿಗೆ ಕಿವಿ ಕೊಟ್ಟರೆ ಬಿದ್ದುಹೋಗ್ತಿ ನೀನು, ವಯರ್ ಕಟ್ಟು" ಅಂದಳು.

ಇಷ್ಟು ಒಳ್ಳೆಯ ಜೋಕು ಹಾಳಾಗಬಾರದು. ಹಾಗಾಗಿ ಮಗಳು ಲವಿಟಾ ಮಸ್ಕತ್‌ನಿಂದ ತಂದುಕೊಟ್ಟ ಡೈರಿ ತೆಗೆದು ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆದರೆ ಆಂಜೆಲಾ ಓದುವುದಿಲ್ಲ. ಶಾಲೆಯಲ್ಲಿ ಅವಳು ಫೇಲಾದದ್ದು ಅದೊಂದರಲ್ಲೇ. ಎರಡನೆಯ ಸಲ ಫೇಲಾದದ್ದು ಗಂಡನನ್ನು ಆರಿಸುವಾಗ.

ಫೆಬ್ರವರಿ 17, ಸೋಮವಾರ

ನನಗೆ ನೌಕರಿ ಸಿಕ್ಕಿತು. ಎಪ್ಪತ್ತು ದಾಟಿದ ಮೇಲೆ.

ಕಂಪ್ಯೂಟರಿಗೆ ಕೋಳಿ ಭಾಷೆ ಹುಟ್ಟಿನಿಂದ ಬರುವುದಿಲ್ಲವಂತೆ. ಯಾರಾದರೂ ಕಲಿಸಬೇಕು. ಹೆಡ್‌ಫೋನ್ ಹಾಕಿಕೊಂಡು ಸಣ್ಣ ಸಣ್ಣ ಶಬ್ದದ ತುಂಡು ಕೇಳಬೇಕು, ಇದು ಎಂತ ಅಂತ ಒಂದು ಗುಂಡಿ ಒತ್ತಬೇಕು. ಸಂತೋಷ, ಹೆದರಿಕೆ, ಹಸಿವು, ಕೆಮ್ಮು, ಬೇಡದ ಶಬ್ದ ಆದರೆ ನಾಯ್ಸ್. ಲೇಬಲ್ ಹಾಕುವ ಲೇಬರ್ ನಾನು. ಕೋಳಿಯ ಗೋಳು ಕೇಳಲಿಕ್ಕೆ ಬಜಗೋಳಿಯ ಆಳು.

"ಮೈಕ್‌ನವರು ನೀವು, ಕಿವಿ ಒಳ್ಳೆದುಂಟು" ಅಂದಳು ಫಿಯೋನಾ.

"ಇದು ಯಾರ ಶೆಡ್ಡಿನ ಕೋಳಿ?"

"ಅಲೆವೂರಿನದ್ದು, ಹೆಬ್ರಿಯದ್ದು, ನಮ್ಮದು, ಎಲ್ಲ ಕಲಸಿ ಬರ್ತದೆ. ಯಾರದ್ದು ಅಂತ ನಿಮಗೆ ಗೊತ್ತಾಗಬಾರದು. ಮನುಷ್ಯರ ಶಬ್ದ ಬಂದರೆ ನಾಯ್ಸ್ ಒತ್ತಿ ಮುಂದೆ ಹೋಗಿ. ಮಾತು, ಪದ್ಯ, ಸೀನು, ಎಲ್ಲ ನಾಯ್ಸ್."

"ಮನುಷ್ಯರು ಬೇಡವಾ?"

"ಬೇಡ. ಪ್ರೈವೆಸಿ."

ಇನ್ನೊಂದು ಕೆಂಪು ಗುಂಡಿ ಉಂಟು, ಅರ್ಜೆಂಟ್ ಅಂತ. ಕೋಳಿಗೆ ಜೋರು ಕೆಮ್ಮು, ರೋಗದ ಕೆಮ್ಮು ಅನಿಸಿದರೆ ಮಾತ್ರ ಒತ್ತಬೇಕು. ಯಾವ ಶೆಡ್ ಅಂತ ನನಗೆ ಗೊತ್ತಿಲ್ಲದಿದ್ದರೂ ಕಂಪ್ಯೂಟರಿಗೆ ಗೊತ್ತುಂಟು. ಅವರ ಪಶುವೈದ್ಯ ಆವತ್ತೇ ಆ ಶೆಡ್ಡಿಗೆ ಓಡಬೇಕು, ಯಾಕೆಂದರೆ ರೋಗ ಪಕ್ಕದ ಶೆಡ್ಡಿಗೆ ಹಾರ್ತದೆ. ನನಗೆ ಕಳೆದ ಜೂನಿನಲ್ಲಿ ಜ್ವರ ಬಂದಾಗ ಟೋಕನ್ ತಗೊಂಡು ಇಡೀ ಬೆಳಿಗ್ಗೆ ಕೂತದ್ದು ನೆನಪಾಯಿತು. ಮುಂದಿನ ಸಲ ಪುಕ್ಕ ಅಂಟಿಸಿಕೊಂಡು ಹೋಗಬೇಕು.

ನಮ್ಮಲ್ಲಿ ಹಳೆ ಹೆಂಗಸರು ಗಂಡನ ಹೆಸರು ಹಿಡಿಯುವುದಿಲ್ಲ. ಕೊಂಕಣಿಯಲ್ಲಿ "ಆಯ್ಕಾಲೆಂಗೀ" ಅಂತ ಕರೆಯುವುದು. ಅಂದರೆ "ಕೇಳಿತಾ?" ಅಂತ. ಮದುವೆ ಆದಂದಿನಿಂದ ನನ್ನ ಹೆಸರೇ ಕೇಳಿತಾ. ಆ ಹೆಸರಿಗೆ ಸಂಬಳ ಬರುವುದು ಇದೇ ಮೊದಲು.

ಫೆಬ್ರವರಿ 26, ಬುಧವಾರ

ಕೆಲಸ ಮಜಾ ಉಂಟು. ಒಂದು ಶೆಡ್ಡಿನಲ್ಲಿ ರೇಡಿಯೋ ಹಾಕಿಟ್ಟಿದ್ದಾರೆ. ವಾರ್ತೆ ಶುರು ಆದ ಕೂಡಲೇ ಕೋಳಿಗಳೆಲ್ಲ ಗಲಾಟೆ. ಯಾವ ಗುಂಡಿ ಅಂತ ಯೋಚಿಸಿ ಹೆದರಿಕೆ ಒತ್ತಿದೆ. ಅಡ್ವರ್ಟೈಸ್‌ಮೆಂಟ್ ಬಂದಾಗ ಸುಮ್ಮನಾದವು. ಸಂತೋಷ.

ಇನ್ನೊಂದು ಶೆಡ್ಡಿನಲ್ಲಿ ಒಬ್ಬಳು ಹೆಂಗಸು ಇದ್ದಾಳೆ. ಮಾತಿಲ್ಲ, ಪದ್ಯ ಇಲ್ಲ, ಬರೀ ಕೆಮ್ಮು. ಒಣ ಕೆಮ್ಮು, ಹಳೆ ಜೀಪು ಸ್ಟಾರ್ಟ್ ಆಗದ ಹಾಗೆ. ಕೋಳಿ ಕುಟುಕುಟು ಅನ್ನುತ್ತಾ ಇರುವಾಗ ನಡುವೆ ಬಂದು ಇಡೀ ತುಂಡು ಹಾಳು ಮಾಡುವುದು. ನಾಯ್ಸ್, ನಾಯ್ಸ್, ನಾಯ್ಸ್. ಅವಳಿಗೆ ಕೆಮ್ಮಕ್ಕ ಅಂತ ಹೆಸರಿಟ್ಟಿದ್ದೇನೆ.

ಮಧ್ಯಾಹ್ನ ಊಟಕ್ಕೆ ಬಂಗುಡೆ. ಆಂಜೆಲಾ ಅರ್ಧ ಊಟದಲ್ಲಿ ಎದ್ದು ಹಿತ್ತಿಲಿಗೆ ಹೋದಳು. ಅವಳ ಮೀನಿನ ತಲೆ ನಾನೇ ತಿಂದೆ.

ಮಾರ್ಚ್ 5, ಬುಧವಾರ, ಬೂದಿ ಬುಧವಾರ

ಇಗರ್ಜಿಗೆ ಹೋಗಿ ಹಣೆಗೆ ಬೂದಿ ಹಾಕಿಸಿಕೊಂಡು ಬಂದೆವು. ಪಾದ್ರಿಗಳು ಈ ಲೆಂಟಿನಲ್ಲಿ, ಈಸ್ಟರಿನವರೆಗಿನ ವ್ರತದ ದಿನಗಳಲ್ಲಿ, ಒಂದು ಕೆಟ್ಟ ಅಭ್ಯಾಸ ಬಿಡಿ ಅಂದರು. ನಾನು ಚ್ಯೂಯಿಂಗ್ ಗಮ್ ಬಿಟ್ಟೆ. ತಿಂದದ್ದೇ ಇಲ್ಲ, ಆದರೂ ಬಿಟ್ಟೆ.

ಇಗರ್ಜಿಯ ಮೆಟ್ಟಿಲಿನಲ್ಲಿ ಆಂಜೆಲಾ ಎರಡು ಸಲ ನಿಂತಳು. ಚಪ್ಪಲಿ ಜಾರ್ತದಂತೆ. ಸಂಜೆ ಜಪಮಾಲೆ ಹಿಡಿದು ತೇರ್ಸ್ ಜಪ ಅವಳೇ ಹೇಳಿಕೊಡುವುದು, ಇತ್ತೀಚೆಗೆ ಅರ್ಧದಲ್ಲಿ ನಿಲ್ಲಿಸಿ ನನ್ನನ್ನು ನೋಡ್ತಾಳೆ. ಉಳಿದದ್ದು ನಾನು ಹೇಳಬೇಕು. ಲೆಂಟಿನಲ್ಲೇ ಈ ಸೋಮಾರಿತನ ಆದರೆ ಉಳಿದ ದಿನ ದೇವರೇ ಗತಿ ಅಂದೆ. ಅವಳಿಗೆ ನಗು ಬರಲಿಲ್ಲ, ಕೆಮ್ಮು ಬಂತು.

ಮಾರ್ಚ್ 14, ಶುಕ್ರವಾರ

ಬಜಗೋಳಿ ಪೇಟೆಯಲ್ಲಿ ದೇವದಾಸನ ಹೋಟೆಲಿಗೆ ಹೋಗಿದ್ದೆ. ಅವನಿಗೆ ನನ್ನ ಮೇಲೆ ನಂಬಿಕೆ ಇಲ್ಲ. ಎರಡು ವರ್ಷದ ಹಿಂದೆ ಸ್ವರ ಬದಲಿಸಿ ಫೋನ್ ಮಾಡಿ, ನಾಳೆ ಹೆಲ್ತ್ ಇನ್‌ಸ್ಪೆಕ್ಟರ್ ಬರ್ತಾರೆ ಅಂದಿದ್ದೆ. ಪಾಪ, ಇಡೀ ಹೋಟೆಲಿಗೆ ಸುಣ್ಣ ಹೊಡೆಸಿದ. ಅದು ಆ ಹೋಟೆಲಿಗೆ ನಾನು ಮಾಡಿದ ಉಪಕಾರ ಅಂತ ಅವನಿಗೆ ಇನ್ನೂ ಗೊತ್ತಾಗಲಿಲ್ಲ.

ಕೆಮ್ಮಕ್ಕನ ಕಥೆ ಹೇಳಿದೆ.

"ಯಾರಂತೆ ಪೊರ್ಬುಗಳೇ ಅದು?" ಅಂದ. ತುಳುವರು ನಮ್ಮ ಕ್ರಿಶ್ಚಿಯನರನ್ನು ಹಾಗೆ ಕರೆಯುವುದು.

"ಗೊತ್ತಿಲ್ಲ ಮಾರಾಯ. ಬೆಳಿಗ್ಗೆಯೂ ಕೆಮ್ಮು, ಸಂಜೆಯೂ ಕೆಮ್ಮು. ಶೆಡ್ಡಿನಲ್ಲಿ ಅವಳೊಬ್ಬಳೇ. ಇನ್ನೊಂದು ಹೆಜ್ಜೆಯ ಶಬ್ದ ಇಲ್ಲ."

"ಗಂಡ ಇಲ್ಲವಾ ಏನೋ."

"ಇರ್ತಾನೆ. ಖಂಡಿತ ಇರ್ತಾನೆ. ಹೊರಗೆ ಎಲ್ಲಿಯೋ ಕಾಲು ನೀಡಿ ಕೂತಿರ್ತಾನೆ. ಹೆಂಡತಿ ಉಸಿರು ಬಿಡುವುದಕ್ಕೂ ತನ್ನ ಪರ್ಮಿಶನ್ ಬೇಕು ಅನ್ನುವ ಜಾತಿ. ಅವನ ಮೂತಿ ಸಮೇತ ನನಗೆ ಕಾಣ್ತದೆ."

ದೇವದಾಸ ಬಿದ್ದು ಬಿದ್ದು ನಕ್ಕ. ಕೆಮ್ಮಕ್ಕನ ಗಂಡನ ನಡಿಗೆ, ಅವನು ಮೀಸೆ ತಿರುವುವುದು, ಎಲ್ಲ ಮಾಡಿ ತೋರಿಸಿದೆ. ಪಕ್ಕದ ಟೇಬಲಿನವರೂ ನಕ್ಕರು. ಬಹಳ ದಿನ ಆಗಿತ್ತು ಹಾಗೆ ಜನ ನಕ್ಕು.

ಮಾರ್ಚ್ 24, ಸೋಮವಾರ

ಬ್ಯಾಚ್ ಹೋಯಿತು. ಶನಿವಾರ ಗಾಡಿ ಬಂತು, ಫೇರ್‌ವೆಲ್ ಆಯಿತು. ಶೆಡ್ ಖಾಲಿ. ಆಂಜೆಲಾ ಕಾರ್ಕಳದಲ್ಲಿ ತನ್ನ ತಂಗಿಯ ಮನೆಗೆ ಹೋಗಿದ್ದಾಳೆ.

ಫಿಯೋನಾ ಒಂದು ಫೋಟೋ ಕಳಿಸಿದಳು. ಮಣಿಪಾಲದ ಅಂಗಡಿಯಲ್ಲಿ ನಮ್ಮ ಕೋಳಿ ಪ್ಯಾಕೆಟ್ ಆಗಿ ಕೂತಿದೆ, ಮೇಲೆ "ಸುಖದಲ್ಲಿ ಬೆಳೆದ ಕೋಳಿ" ಅಂತ ಸ್ಟಿಕ್ಕರ್. ಅದರಲ್ಲೊಂದು ಚೌಕ ಉಂಟು, ಮೊಬೈಲ್ ಹಿಡಿದರೆ ಶೆಡ್ಡಿನಲ್ಲಿ ಆ ಕೋಳಿಗಳು ಸಂತೋಷದಲ್ಲಿ ಇರುವಾಗ ಮಾಡಿದ ಶಬ್ದ ಕೇಳ್ತದೆ. ಮೊದಲು ಕೇಳುವುದು, ಆಮೇಲೆ ಬಿರಿಯಾನಿ. ಸತ್ತವರ ವಾಯ್ಸ್ ಮೆಸೇಜ್ ಕೇಳಿ ಅವರನ್ನೇ ಊಟ ಮಾಡುವುದು ಬಹುಶಃ ಇದೇ ಮೊದಲು.

ಕೆಮ್ಮಕ್ಕನೂ ಈ ವಾರ ಇಲ್ಲ. ಅವಳ ಗಂಡನಿಗೆ ಬುದ್ಧಿ ಬಂದಿರಬೇಕು.

ಏಪ್ರಿಲ್ 1, ಮಂಗಳವಾರ

ನನ್ನ ಹಬ್ಬದ ದಿನ. ಯಾರನ್ನೂ ಫೂಲ್ ಮಾಡಲಿಲ್ಲ. ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ, ಈ ದಿನ ನನ್ನ ನಂಬರ್ ಕಂಡರೆ ಕಟ್ ಮಾಡ್ತಾರೆ.

ಆಂಜೆಲಾ ನಿನ್ನೆ ವಾಪಸು ಬಂದಳು. ಮುಖದಲ್ಲಿ ಸ್ವಲ್ಪ ಕಳೆ ಬಂದಿದೆ. ತೇರ್ಸ್ ಪೂರ್ತಿ ಅವಳೇ ಹೇಳಿದಳು. ತಂಗಿಯ ಮನೆಯ ಊಟ ಹಿಡಿಸಿದೆ ಅಂತ ಕಾಣ್ತದೆ.

ಏಪ್ರಿಲ್ 7, ಸೋಮವಾರ

ಹೊಸ ಮರಿ ಬಂತು. ಮೂರು ದಿನದಿಂದ ಬಲ್ಬಿನ ಬಿಸಿಯಲ್ಲಿ ಶೆಡ್ಡಿಗೆ ಪರದೆ ಕಟ್ಟಿ, ಆಂಜೆಲಾ ಒಳಗೇ.

ಕೆಮ್ಮಕ್ಕನೂ ಡ್ಯೂಟಿಗೆ ವಾಪಸು. ಮೊದಲಿಗಿಂತ ಜೋರು. ಕೊನೆಯಲ್ಲಿ ಒಂದು ಸಿಳ್ಳೆಯ ಹಾಗೆ ಉಸಿರು ಎಳೀತಾಳೆ. ನಾಯ್ಸ್.

ಏಪ್ರಿಲ್ 12, ಶನಿವಾರ

ಒಂದು ತುಂಡಿನಲ್ಲಿ ಕೆಮ್ಮಕ್ಕ ಕೆಮ್ಮುತ್ತಿದ್ದಳು. ಮುಗಿಯುವ ಮೊದಲೇ ದೂರದಿಂದ ಒಬ್ಬ ಗಂಡಸು ಕೂಗಿದ. "ಚಾ ಆಯ್ತಾ ಇಲ್ವಾ?"

ಒಳ್ಳೆಯ ಸ್ವರ. ಸ್ಪಷ್ಟ, ದಪ್ಪ, ಮದುವೆ ಹಾಲ್‌ನ ಕೊನೆಯ ಬೆಂಚಿಗೂ ಮುಟ್ಟುವಂಥದ್ದು. ಮೈಕ್ ಬೇಡ ಅದಕ್ಕೆ.

ನನ್ನದು.

ನಾಯ್ಸ್ ಒತ್ತಿದೆ. ಕೈಗೆ ಅಭ್ಯಾಸ ಆಗಿದೆ.

ಏಪ್ರಿಲ್ 13, ಗರಿಗಳ ಭಾನುವಾರ

ಆಂಜೆಲಾ ಇಗರ್ಜಿಯಿಂದ ತೆಂಗಿನ ಗರಿ ತಂದು ಬಾಗಿಲಿಗೆ ಸಿಕ್ಕಿಸುತ್ತಿದ್ದಳು. ಕೈ ಎತ್ತಿದ್ದಕ್ಕೇ ಕೆಮ್ಮು. ಇಷ್ಟು ದಿನ ಹೆಡ್‌ಫೋನಿನಲ್ಲಿ ಕೇಳಿದ್ದು ಈಗ ಬಾಗಿಲಲ್ಲಿ.

"ನಿನಗೆ ಈ ಕೆಮ್ಮು ಯಾವಾಗಿನಿಂದ?"

"ಎಂತ ಕೆಮ್ಮು?"

"ಇದೇ, ಈಗ ಕೆಮ್ಮಿದ್ದು."

"ಧೂಳಿಗೆ."

"ಡಾಕ್ಟ್ರಿಗೆ ತೋರಿಸುವ."

ಅವಳು ಗರಿ ಬಿಟ್ಟು ತಿರುಗಿ ನನ್ನನ್ನು ನೋಡಿದಳು, ನಾನು ಎಲ್ಲಿಯೋ ಕ್ಯಾಮೆರಾ ಇಟ್ಟಿದ್ದೇನಾ ಅನ್ನುವ ಹಾಗೆ.

"ಕೇಳಿತಾ, ನಿಮ್ಮದು ಎಂತ ಹೊಸ ನಾಟಕ? ಮರಿಗೆ ಇನ್ನೂ ಬಲ್ಬಿನ ಬಿಸಿ ಬೇಕು, ಈಗ ಶೆಡ್ ಬಿಟ್ಟು ಹೋದರೆ ಅರ್ಧ ಸಾಯ್ತದೆ. ನನ್ನನ್ನು ಆಸ್ಪತ್ರೆಯಲ್ಲಿ ಕೂರಿಸಿ ಯಾರನ್ನು ನಗಿಸ್ಲಿಕ್ಕೆ ಉಂಟು ನಿಮಗೆ?"

ಹಾಸ್ಪಿಟಲಿಗೂ ಹಾಸ್ಯಕ್ಕೂ ಸೇರಿಸಿ ಒಂದು ಮಾತು ನಾಲಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಸೆಕೆ ಜಾಸ್ತಿ ಇವತ್ತು.

ಏಪ್ರಿಲ್ 16, ಬುಧವಾರ

ಲವಿಟಾ ಮಸ್ಕತ್‌ನಲ್ಲಿ ನರ್ಸ್. ಅವಳಿಗೆ ಫೋನ್ ಮಾಡಿದೆ.

"ಲವೀ, ನಿನ್ನ ಮಮ್ಮಿಗೆ ಹುಷಾರಿಲ್ಲ. ಕೆಮ್ಮು. ಉಸಿರು ಸರಿ ಇಲ್ಲ."

"ಹೌದಾ ಪಪ್ಪಾ? ಕಳೆದ ವರ್ಷ ನೀವು ಫೋನ್ ಮಾಡಿದಾಗ ಮಮ್ಮಿ ಪಂಚಾಯತಿಗೆ ನಿಂತಿದ್ದರು, ಚಿಹ್ನೆ ಕೋಳಿ. ನಾನು ನಂಬಿ ಆಸ್ಪತ್ರೆಯ ಇಡೀ ವಾರ್ಡಿಗೆ ಸ್ವೀಟ್ ಹಂಚಿದೆ."

"ಇದು ಹಾಗಲ್ಲ."

"ಅದಕ್ಕಿಂತ ಮೊದಲು ಮಮ್ಮಿ ಸ್ಕೂಟರ್‌ನಲ್ಲಿ ಕುದುರೆಮುಖ ಹತ್ತಿದ್ದರು."

"ಲವೀ, ನಾನು ಕೇಳಿದ್ದೇನೆ. ಹೆಡ್‌ಫೋನಿನಲ್ಲಿ. ಕೊನೆಯಲ್ಲಿ ಸಿಳ್ಳೆ ಹೊಡೀತದೆ."

"ಸಿಳ್ಳೆ ಕೂಡ ಹೊಡೀತಾರಾ ಈಗ ಮಮ್ಮಿ?" ಪಕ್ಕದಲ್ಲಿದ್ದ ಅವಳ ಗೆಳತಿಯರೂ ನಕ್ಕದ್ದು ಕೇಳಿಸಿತು. ಸ್ಪೀಕರಿನಲ್ಲಿ ಹಾಕಿದ್ದಳು. ಆಮೇಲೆ ತಾಯಿಗೆ ಫೋನ್ ಕೊಡಿಸಿ ಕೇಳಿದಳು. ಆಂಜೆಲಾ ಬಾಯಿಗೆ ಸೆರಗು ಒತ್ತಿ ಹಿಡಿದುಕೊಂಡು, "ಎಂತ ಇಲ್ಲ ಮಗಾ, ನಿನ್ನ ಪಪ್ಪನಿಗೆ ಕೆಲಸ ಇಲ್ಲ" ಅಂದಳು. ಸೆರಗಿನ ಹಿಂದೆ ಎಂತ ಆಗ್ತದೆ ಅಂತ ಮಸ್ಕತ್‌ಗೆ ಕೇಳುವುದಿಲ್ಲ.

ನನ್ನ ಜೋಕಿಗೆ ಇಷ್ಟು ನಗು ಯಾವ ಮದುವೆಯಲ್ಲೂ ಬಂದಿರಲಿಲ್ಲ.

ಏಪ್ರಿಲ್ 17, ಗುರುವಾರ

ಫಿಯೋನಾಳಿಗೆ ಹೇಳಿದೆ. ಅವಳು ನಗಲಿಲ್ಲ, ಅದು ಇನ್ನೂ ಕಷ್ಟ.

"ಮಾಮಾ, ನೀವು ಯಾರ ಶೆಡ್ ಅಂತ ಗುರುತು ಹಿಡಿದದ್ದೇ ತಪ್ಪು. ಮನುಷ್ಯರ ಶಬ್ದ ಕೇಳಿ ನಾವು ಎಂತದೂ ಮಾಡುವ ಹಾಗಿಲ್ಲ. ಬಾಸ್‌ಗೆ ಗೊತ್ತಾದರೆ ನನಗೆ ಬೈತಾರೆ."

"ಕೋಳಿ ಕೆಮ್ಮಿದರೆ?"

"ಅದಕ್ಕೆ ಸಿಸ್ಟಮ್ ಉಂಟಲ್ಲ."

ಹೌದು. ಅದಕ್ಕೆ ಸಿಸ್ಟಮ್ ಉಂಟು.

ಏಪ್ರಿಲ್ 20, ಈಸ್ಟರ್

ಪೂಜೆಗೆ ಹೋಗಿ ಬಂದೆವು. ಮೆಟ್ಟಿಲು ಬಿಟ್ಟು ಪಕ್ಕದ ದಾರಿಯಲ್ಲಿ ಕರೆದುಕೊಂಡು ಹೋದೆ, ಕಾರ್ ನಿಲ್ಲಿಸುವ ಕಡೆಯಿಂದ. ಯಾಕೆ ಅಂತ ಕೇಳಿದಳು. ನನ್ನ ಮೊಣಕಾಲು ಅಂದೆ. ಅದನ್ನು ಮಾತ್ರ ನಂಬಿದಳು.

ಏಪ್ರಿಲ್ 22, ಮಂಗಳವಾರ

ಬೆಳಿಗ್ಗೆ ಹೆಡ್‌ಫೋನ್ ಹಾಕಿ ಕೂತೆ. ಆಂಜೆಲಾಳ ಕೆಮ್ಮು ಕೇಳಿದಾಗಲೆಲ್ಲ ಕೆಂಪು ಗುಂಡಿ ಒತ್ತಿದೆ. ಅರ್ಜೆಂಟ್, ಕೋಳಿ ಕೆಮ್ಮು, ಜೋರು. ಎಷ್ಟು ಸಲ ಅಂದರೆ ಕಂಪ್ಯೂಟರೇ ಕೇಳಿತು, ಖಂಡಿತವಾ ಅಂತ. ಖಂಡಿತ.

ಎಪ್ಪತ್ತು ವರ್ಷದಲ್ಲಿ ಮಾಡಿದ ಅತಿ ದೊಡ್ಡ ಕುಚೇಷ್ಟೆ. ಆದರೆ ಮಾಡುವಾಗ ಹೊಟ್ಟೆಯೊಳಗೆ ಆಗುವ ಆ ಕಚಗುಳಿ ಆಗಲಿಲ್ಲ. ಪ್ರಾಯ.

ಏಪ್ರಿಲ್ 23, ಬುಧವಾರ

ನಿನ್ನೆ ಬರೆದು ಮುಗಿಸುವಷ್ಟರಲ್ಲಿ ಜೀಪು ಬಂತು. ಮಣಿಪಾಲದಿಂದ ಬಜಗೋಳಿಗೆ ಅಷ್ಟು ಬೇಗ ಯಾವ ಆಂಬುಲೆನ್ಸೂ ಬಂದದ್ದು ನಾನು ನೋಡಿಲ್ಲ. ಇಳಿದವನು ಪಶುವೈದ್ಯ ಸುಕೇಶ್, ಮೂವತ್ತರ ಹುಡುಗ. ಬಿಳಿ ಕೋಟು, ಮಾಸ್ಕು, ಗಮ್‌ಬೂಟು, ಎಲ್ಲ ಹಾಕಿಕೊಂಡು ಶೆಡ್ಡಿಗೆ ಹೋದ. ನನ್ನ ಹೆಂಡತಿ ವರ್ಷಗಟ್ಟಲೆ ಅಲ್ಲಿಗೆ ಹೋಗುವುದು ನೈಟಿಯಲ್ಲಿ.

ಒಂದು ತಾಸು ಒಳಗಿದ್ದ. ಹೊರಗೆ ಬಂದು ಜಗಲಿಯಲ್ಲಿ ಕೂತು ತಲೆ ಕೆರೆದುಕೊಂಡ.

"ಒಂದು ಮರಿಗೂ ಎಂತ ಇಲ್ಲ ಅಂಕಲ್. ಇಷ್ಟು ಚೆಂದ ಸಾಕಿದ ಬ್ಯಾಚ್ ನಾನು ನೋಡಿದ್ದು ಕಡಿಮೆ." ಮೊಬೈಲ್ ತೆಗೆದು ನಾನು ಕೆಂಪು ಒತ್ತಿದ ತುಂಡು ಹಾಕಿದ. ಒಮ್ಮೆ ಕೇಳಿದ. ಇನ್ನೊಮ್ಮೆ ಕೇಳಿದ. "ಇದು ಕೋಳಿಯೇ ಅಲ್ಲ."

ಆಗ ಆಂಜೆಲಾ ಅವನಿಗೆ ಚಾ ಹಿಡಿದುಕೊಂಡು ಬಾಗಿಲಿಗೆ ಬಂದಳು. ಬಂದು, ಕಪ್ಪು-ಬಸಿ ಗಡಗಡ ಅನ್ನುವ ಹಾಗೆ ಕೆಮ್ಮಿದಳು. ಸುಕೇಶನ ಕೈಯಲ್ಲಿ ಮೊಬೈಲಿನದ್ದೂ ಕೆಮ್ಮುತ್ತಾ ಇತ್ತು. ಎರಡೂ ಒಟ್ಟಿಗೆ ನಿಂತವು.

ಅವನು ನನ್ನನ್ನು ನೋಡಿದ. ನಾನು ತೆಂಗಿನಮರ ನೋಡಿದೆ.

"ನಾನು ಕೋಳಿ ಡಾಕ್ಟ್ರು ಅಂಕಲ್."

"ಗೊತ್ತುಂಟು. ಮನುಷ್ಯರ ಡಾಕ್ಟ್ರನ್ನು ಕರೆಸುವ ಗುಂಡಿ ಇರಲಿಲ್ಲ."

ಅವನು ಬೈಯಬಹುದಿತ್ತು. ಬೈಯಲಿಲ್ಲ. ಚಾ ಬದಿಗಿಟ್ಟು ಆಂಜೆಲಾಳನ್ನು ಕುರ್ಚಿಯಲ್ಲಿ ಕೂರಿಸಿ ಕೇಳಲಿಕ್ಕೆ ಶುರು ಮಾಡಿದ. "ಅಮ್ಮ, ಮೆಟ್ಟಿಲು ಹತ್ತುವಾಗ ಏದುಸಿರು ಬರ್ತದಾ? ಸಂಜೆಗೆ ಮೈ ಬಿಸಿ ಆಗ್ತದಾ? ಶೆಡ್ ಖಾಲಿ ಇದ್ದಾಗ, ಎಲ್ಲಿಗಾದರೂ ಹೋಗಿದ್ದಾಗ ಕಮ್ಮಿ ಆಗಿತ್ತಾ?"

"ತಂಗಿಯ ಮನೆಯಲ್ಲಿ ಕಮ್ಮಿ ಇತ್ತು" ಅಂದಳು.

ಊಟ ಹಿಡಿಸಿದ್ದಲ್ಲ.

ಅವನದೇ ಜೀಪಿನಲ್ಲಿ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದ. ಮರಿ ನೋಡಿಕೊಳ್ಳಲಿಕ್ಕೆ ದೇವದಾಸನ ಹೆಂಡತಿ ಸುಗಂಧಿ ಬಂದಳು. ಜೀಪಿನ ಹಿಂದೆ ಕೋಳಿ ಲಸಿಕೆಯ ಪೆಟ್ಟಿಗೆ, ಅದರ ಪಕ್ಕದಲ್ಲಿ ನಾನು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಇಳಿಯುವಾಗ ಆಂಜೆಲಾ, "ನಿಮಗೆ ಮೈಗೆ ಹುಷಾರಿಲ್ಲವಾ?" ಅಂತ ಕೇಳಿದಳು.

ಏಪ್ರಿಲ್ 28, ಸೋಮವಾರ

ಸ್ಕ್ಯಾನ್ ಬಂತು. ಡಾಕ್ಟರಮ್ಮ ತಾಳ್ಮೆಯಲ್ಲಿ ಹೇಳಿದರು. ಕೋಳಿಯ ಪುಕ್ಕದ, ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶಕ್ಕೆ ಆಗುವುದಿಲ್ಲ. ವರ್ಷಗಟ್ಟಲೆ ಎಳೆದುಕೊಂಡರೆ ಒಳಗೆ ಗಟ್ಟಿ ಆಗುತ್ತಾ ಬರ್ತದೆ. ಈಗ ಬಿಟ್ಟರೆ ಉಳಿದದ್ದು ಉಳೀತದೆ. ಬಿಡದಿದ್ದರೆ ಮನೆಗೆ ಆಕ್ಸಿಜನ್ ಸಿಲಿಂಡರ್ ತರಬೇಕಾದೀತು, ಅದೂ ಎಷ್ಟು ಸಮಯಕ್ಕೆ ಅಂತ ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

"ಶೆಡ್ಡಿನೊಳಗೆ ಇನ್ನು ಹೋಗಲೇಬಾರದು" ಅಂದರು.

ಆಂಜೆಲಾ ತಲೆ ಆಡಿಸಿದಳು. ಪಾದ್ರಿಗಳಿಗೂ ಅವಳ ತಲೆ ಹಾಗೆಯೇ ಆಡುವುದು.

ಏಪ್ರಿಲ್ 30, ಬುಧವಾರ

ಬೆಳಿಗ್ಗೆ ಎದ್ದಾಗ ಅವಳು ಮನೆಯಲ್ಲಿ ಇಲ್ಲ. ಶೆಡ್ಡಿನಲ್ಲಿ. ಸುಗಂಧಿಯನ್ನು ಮನೆಗೆ ಕಳಿಸಿದ್ದಾಳೆ.

ಬಾಗಿಲಲ್ಲಿ ನಿಂತು ಕರೆದೆ. ಬಲೆಯ ಆಚೆಯಿಂದಲೇ ಹೇಳಿದಳು, "ಕೇಳಿತಾ, ನನಗೆ ಗೊತ್ತಾಯಿತು. ಆ ಸುಕೇಶ ನಿಮ್ಮ ಕಡೆಯವನು."

"ಯಾವ ಕಡೆ?"

"ಕಾಪುವಿನಲ್ಲಿ ಆ ಡೆರಿಕ್‌ನ ಮದುವೆಗೆ ಸುಳ್ಳು ಪಾದ್ರಿಯನ್ನು ತಂದು ನಿಲ್ಲಿಸಿದವರು ನೀವು. ಹೆಣ್ಣಿನ ತಾಯಿ ಅವನ ಕೈಗೆ ಮುತ್ತು ಕೊಟ್ಟರು. ಅವನು ಮಲ್ಪೆ ಬಂದರಿನಲ್ಲಿ ಐಸ್ ಹೊರುವವನು. ನಿಮಗೆ ಒಬ್ಬ ಡಾಕ್ಟರಮ್ಮನನ್ನು ಹಿಡಿದು ತರುವುದು ಎಷ್ಟರ ಕೆಲಸ?"

"ಆಂಜೆಲಾ, ಅಷ್ಟು ದೊಡ್ಡ ಆಸ್ಪತ್ರೆ. ಅಷ್ಟು ದೊಡ್ಡ ಮೆಷಿನ್. ಅದನ್ನೆಲ್ಲ ನಾನು ಬಾಡಿಗೆಗೆ ತಂದದ್ದಾ?"

"ನಿಮ್ಮನ್ನು ನಂಬ್ಲಿಕ್ಕೆ ಆಗುವುದಿಲ್ಲ. ನಿಮಗೆ ಈ ಶೆಡ್ ಆಗುವುದಿಲ್ಲ, ವಾಸನೆ. ಮೊದಲಿನಿಂದಲೂ ಮುಚ್ಚಿಸಬೇಕು ಅಂತಲೇ ಉಂಟು ನಿಮಗೆ." ಮಾತಿನ ನಡುವೆ ನಿಂತಳು. ಉಸಿರು ಸಿಗುವವರೆಗೆ ಫೀಡ್ ಚೀಲ ಹಿಡಿದುಕೊಂಡು ನಿಂತಳು. "ನಗಾಡಿ ನೀವು" ಅಂದಳು.

ನಾನು ನಗಾಡಲಿಲ್ಲ. ಅದನ್ನೂ ನಾಟಕ ಅಂದುಕೊಂಡಳು.

ಮೇ 2, ಶುಕ್ರವಾರ

ಫಿಯೋನಾ ಫೋನ್ ಮಾಡಿದಳು. ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಕೋಳಿಗೆ ಇಲ್ಲದ ಕೆಮ್ಮನ್ನು ಕಂಪ್ಯೂಟರಿಗೆ ಕಲಿಸಿದ್ದೇನೆ ಅಂತ ಬಾಸ್‌ಗೆ ತಲೆಬಿಸಿ. ನಾನು ಹಾಕಿದ ಸಂತೋಷ, ಹೆದರಿಕೆ, ಹಸಿವು, ಅರ್ಜೆಂಟ್, ಎಲ್ಲ ಲೇಬಲ್ ಅಳಿಸಿದರಂತೆ.

"ನಾಯ್ಸ್?"

"ಅದು ಹಾಗೆಯೇ ಉಂಟು ಮಾಮಾ. ಬೇಡದ್ದು ಅಲ್ವಾ, ಅದನ್ನು ಯಾರೂ ಮುಟ್ಟಲಿಲ್ಲ."

ನಮ್ಮ ಶೆಡ್ಡಿನ ನಾಯ್ಸ್ ಬೇಕು, ಫೆಬ್ರವರಿಯಿಂದ ಇಲ್ಲಿಯವರೆಗೆ, ಒಂದರ ಹಿಂದೆ ಒಂದು ಜೋಡಿಸಿ ತಾ ಅಂದೆ. ಅದರಲ್ಲಿ ನನ್ನ ಸ್ವರ ಇರುವುದನ್ನೆಲ್ಲ ತೆಗೆದುಬಿಡು.

"ಯಾಕೆ ಮಾಮಾ?"

"ಅಡ್ಡ ಬರ್ತದೆ."

ಅವಳಿಗೆ ಬೈಗುಳ ಸಿಗಬಹುದು. ಆದರೂ ಬರ್ತೇನೆ ಅಂದಳು.

ಮೇ 4, ಭಾನುವಾರ

ಪೂಜೆ ಮುಗಿಸಿ ಫಿಯೋನಾ ಬಂದಳು. ನಾನು ಹೇಳಿಕೊಟ್ಟದ್ದು ಇಷ್ಟೇ, ಮಾಮಿಯನ್ನು ನೀನು ಕರೆ, ನಾನು ಕರೆದರೆ ಬರುವುದಿಲ್ಲ.

"ಮಾಮಿ, ಮಾಮ ಇಷ್ಟು ದಿನ ಎಂತ ಕೇಳ್ತಿದ್ದರು ಅಂತ ನೀವು ಒಮ್ಮೆ ಕೇಳಿ."

"ನನಗೆಂತಕ್ಕೆ ಮಾರಾಯ್ತಿ, ದಿನಾ ಕೇಳುವುದು ಅದನ್ನೇ" ಅಂದಳು. ಆದರೂ ಕೈ ಒರೆಸಿಕೊಂಡು ಬಂದು ಕೂತಳು. ಹೆಡ್‌ಫೋನ್ ಅವಳ ತಲೆಗೆ ದೊಡ್ಡದಾಯಿತು, ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಳು, ಕೆನ್ನೆಗೆ ಕೈ ಕೊಟ್ಟ ಹಾಗೆ.

ಫೆಬ್ರವರಿ. ಅವಳ ಮುಖದಲ್ಲಿ ಸಣ್ಣ ನಗು ಬಂತು, ಕೋಳಿಯ ಕುಟುಕುಟು ಕೇಳಿರಬೇಕು. ಆಮೇಲೆ ಹುಬ್ಬು ಸೇರಿತು. ಮಾರ್ಚ್. ಫಿಯೋನಾ ಉಗುರು ಕಚ್ಚುತ್ತಿದ್ದಳು. ಏಪ್ರಿಲ್ ಬಂದಾಗ ಆಂಜೆಲಾ ಕಣ್ಣು ಮುಚ್ಚಿದಳು. ನನಗೆ ಎಂತದೂ ಕೇಳುತ್ತಿರಲಿಲ್ಲ, ಆದರೆ ಎಲ್ಲಿಗೆ ಮುಟ್ಟಿದೆ ಅಂತ ಅವಳ ಭುಜದಲ್ಲಿ ಗೊತ್ತಾಗುತ್ತಿತ್ತು. ಕೆಮ್ಮುವವಳಿಗೆ ಉಸಿರು ಸಿಗದಿದ್ದಾಗ ಇವಳೂ ಉಸಿರು ಹಿಡಿಯುತ್ತಿದ್ದಳು.

ಮುಗಿದ ಮೇಲೆ ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಯಾರು ಈ ಹೆಂಗಸು? ಅಲೆವೂರಿನ ಶೆಡ್ಡಿನವಳಾ?"

ಫಿಯೋನಾ ನನ್ನನ್ನು ನೋಡಿದಳು.

"ಪಾಪ" ಅಂದಳು ಆಂಜೆಲಾ. "ಇಷ್ಟು ಆಗುವವರೆಗೆ ಬಿಟ್ಟಿದ್ದಾರಲ್ಲ. ಮನೆಯಲ್ಲಿ ಅವಳಿಗೆ ಯಾರೂ ಇಲ್ಲವಾ?"

ಫಿಯೋನಾ ಎದ್ದು ನೀರು ಕುಡಿಯಲಿಕ್ಕೆ ಒಳಗೆ ಹೋದಳು.

"ಅದು ನೀನು" ಅಂದೆ.

ನನ್ನ ಮುಖದಲ್ಲಿ ಎಲ್ಲಾದರೂ ಜೋಕು ಉಂಟಾ ಅಂತ ಹುಡುಕಿದಳು. ಬಹಳ ಹೊತ್ತು ಹುಡುಕಿದಳು. ಆಮೇಲೆ ಪುನಃ ಹೆಡ್‌ಫೋನ್ ಹಾಕಿಕೊಂಡಳು. ಮೊದಲಿನಿಂದ ಹಾಕಿ ಅಂತ ಕೈಯಲ್ಲಿ ತೋರಿಸಿದಳು. ನನಗೆ ಆ ಲ್ಯಾಪ್‌ಟಾಪ್ ನಡೆಸಲಿಕ್ಕೆ ಬರ್ತದೆ. ಹಾಕಿದೆ. ಈ ಸಲ ಕಣ್ಣು ಬಿಟ್ಟುಕೊಂಡು, ಹೊರಗೆ ಶೆಡ್ಡಿನ ಕಡೆ ನೋಡುತ್ತಾ, ಪೂರ್ತಿ ಕೇಳಿದಳು.

"ಮರಿಗಳ ನೀರಿನ ಪೈಪು ದಿನಾ ತೊಳೀಬೇಕು" ಅಂದಳು, ಕೊನೆಗೆ. "ಮೇಲೆ ಮೇಲೆ ಅಲ್ಲ. ಬಿಚ್ಚಿ."

"ಬಿಚ್ಚಿ ತೊಳೀತೇನೆ."

"ಒಳಗೆ ಹೋಗುವಾಗ ಮಾತಾಡ್ಬೇಡಿ. ನಿಮ್ಮ ಸ್ವರ ದೊಡ್ಡದು. ಮರಿಗಳು ಒಂದರ ಮೇಲೆ ಒಂದು ಬಿದ್ದು ಸಾಯ್ತವೆ."

"ಆಯಿತು."

"ಸಾಧ್ಯ ಉಂಟಾ ನಿಮಗೆ?"

ನಾನು ಉತ್ತರ ಕೊಡಲಿಲ್ಲ. ಅವಳು ನನ್ನ ಜೋಕಿಗೆ ಕಾದಳು, ಅದು ಬರುವುದಿಲ್ಲ ಅಂತ ಗೊತ್ತಾದ ಮೇಲೆ ಎದ್ದುಹೋಗಿ, ಶೆಡ್ಡಿನ ಬೀಗದ ಕೈ ತಂದು ನನ್ನ ಕೈಯಲ್ಲಿ ಇಟ್ಟಳು.